ಓನರ್ ಆಂಟಿ ಮೂಗು ಮುಚ್ಚಿದ ಹೆಸರು

ಬಿಟಿಎಂ ಲೇಔಟಿನಲ್ಲಿ ನಾವು ಬಾಡಿಗೆಗಿದ್ದ ಮನೆಯ ಓನರ್ ಆಂಟಿ, ಮೊದಲ ದಿನವೇ ನನ್ನ ಹೆಸರು ಕೇಳಿ ಸೆರಗಿನಿಂದ ಮೂಗು ಮುಚ್ಚಿಕೊಂಡರು.

"ತಿಪ್ಪವ್ವನಾ? ಹೆಸ್ರು ಅಂದ್ರೆ ಘಮ್ ಅನ್ಬೇಕಮ್ಮಾ. ನಾನು ದೀಪಾ ಅಂತ ಕರೀತೀನಿ."

ನನಗಿಂತ ಮೊದಲು ಹುಟ್ಟಿದ ಇಬ್ಬರು ಉಳಿದಿರಲಿಲ್ಲ. ಸಾವಿಗೂ ಹೇಸಿಗೆಯಾಗಲಿ ಎಂದು ಅವ್ವ ನನ್ನನ್ನು ತಿಪ್ಪೆಯ ಮೇಲೆ ಹೊರಳಿಸಿ ಇಟ್ಟ ಹೆಸರದು. ನಮ್ಮೂರಲ್ಲಿ ಓಣಿಗೊಬ್ಬಳು ತಿಪ್ಪವ್ವ ಇದ್ದಳು. ಈ ಬಡಾವಣೆಗೆಲ್ಲ ನಾನೊಬ್ಬಳೇ. ನೀರಿನ ಮೋಟರ್ ಹಾಕಲು ಬಂದಾಗಲೆಲ್ಲ ಆಂಟಿ "ಘಮ್ ಅನ್ಬೇಕಮ್ಮಾ" ಎಂದು ನಗುತ್ತಿದ್ದರು.

ಅವರ ಸೊಸೆಗೂ ಎರಡು ಕೂಸು ಹುಟ್ಟಿ ತೀರಿಹೋದವು. ಮೂರನೆಯದು ಹೆಣ್ಣು. ಹನ್ನೊಂದನೇ ದಿನ ಆಂಟಿ ಅದನ್ನು ಮೊರದಲ್ಲಿ ಮಲಗಿಸಿಕೊಂಡು ನನ್ನ ಬಾಗಿಲಿಗೆ ಬಂದರು. ಕೂಸಿನ ಕೆಳಗೆ ಎಲ್ಲಿಂದಲೋ ತಂದ ತಿಪ್ಪೆಗೊಬ್ಬರ. ಮೂಗು ಮುಚ್ಚಿರಲಿಲ್ಲ.

"ನಿನ್ನ ಹೆಸ್ರು ಇದರ ಕಿವೀಲಿ ಹೇಳು ತಾಯಿ."

ಮೂರು ಸಲ ಹೇಳಿದೆ.

ಕೂಸು ಉಳಿಯಿತು. ಪಕ್ಕದ ಮನೆಗೆ ಬಂದ ನಾಮಕರಣದ ಕಾರ್ಡಿನಲ್ಲಿ ಬೇರೆ ಹೆಸರಿತ್ತು. ನಮಗೆ ಕಾರ್ಡು ಬರಲಿಲ್ಲ. ಕೂಸು ತೊದಲು ಮಾತಾಡಲು ಶುರುಮಾಡಿದ ವಾರ ಆಂಟಿ ಮತ್ತೆ ಬಾಗಿಲಿಗೆ ಬಂದರು. ಸೆರಗು ಮೂಗಿನ ಮೇಲಿತ್ತು.

"ಮನೆ ಖಾಲಿ ಮಾಡ್ಬಿಡಿ ದೀಪಾ. ನಿನ್ನ ಗಂಡ ನಿನ್ನನ್ನ ಹೆಸ್ರಿಡಿದು ಕೂಗ್ತಾನೆ. ಮಗು ಕಿವಿಗೆ ಬೀಳೋದು ಬೇಡ."