ಹೊಕ್ಕುಬಳಕೆ ಇಲ್ಲದ ರಕ್ತ

ಹೆಗಡೆಯವರ ಜಗಲಿಯಲ್ಲಿ ಕುಳಿತು ಮಾಸ್ಕ್ ಕೆಳಗಿಳಿಸಿ ಇನ್ನೇನು ಚಹಾಕ್ಕೆ ಬಾಯಿಡಬೇಕು, ಅವರ ತಮ್ಮ ಗೇಟಿನ ಹೊರಗೆ ಬಂದು ನಿಂತರು.

ರಕ್ತದ ಕ್ಯಾನ್ಸರಿಗೆ ಸ್ಟೆಮ್ ಸೆಲ್ ಕಸಿ ಮಾಡಿಸಿಕೊಂಡು ಹೆಗಡೆಯವರು ದೊಡ್ಮನೆಗೆ ಮರಳಿದ್ದರು. ಆಸ್ಪತ್ರೆಗೆ ಕರೆದೊಯ್ದು ಕರೆತರುತ್ತಿದ್ದವನು ಯಲ್ಲಾಪುರದ ಬಾಡಿಗೆ ಕಾರಿನವನಾದ ನಾನು. ಈಗ ದೇಶದಲ್ಲಿ ಇಂಥ ಕಸಿ ಹೆಚ್ಚುತ್ತಿದೆ, ಕೊಡುವವರ ಸೆಲ್ ಅರ್ಧ ಹೊಂದಿದರೂ ಮಾಡುತ್ತೇವೆ ಎಂದು ಡಾಕ್ಟರು ಹೇಳಿದ್ದರು. ಇವರಿಗೆ ಪೂರ್ತಿ ಹೊಂದಿದ್ದು ತಮ್ಮನದೇ. ಆದರೆ ತಂದೆಯ ಶ್ರಾದ್ಧ ಯಾರ ಮನೆಯಲ್ಲಿ ಎಂಬ ಜಗಳದಿಂದ ಎರಡೂ ಮನೆಗೆ ಹೊಕ್ಕುಬಳಕೆ ಇಲ್ಲ. ಹೋಗಿಬರುವುದು, ಊಟ, ಮಾತು ಎಲ್ಲ ಬಂದ್. ಆದರೂ ಆ ತಮ್ಮ ಬಸ್ಸಿನಲ್ಲೇ ಆಸ್ಪತ್ರೆಗೆ ಬಂದು, ಸೆಲ್ ಕೊಟ್ಟು, ಬಸ್ಸಿನಲ್ಲೇ ಹೋದರು. ನನ್ನ ಕಾರಿನಲ್ಲಿ ಸೀಟು ಖಾಲಿಯೇ ಇತ್ತು.

"ಅತ್ತಿಗೆ, ಅಣ್ಣಯ್ಯಂಗೆ ಈಗ ಹೆಂಗಿದ್ದು?" ತಮ್ಮ ಗೇಟಿನ ಹೊರಗಿಂದಲೇ ಕೇಳಿದರು.

ಹೆಗಡೆಯವರು ಗೋಡೆ ನೋಡುತ್ತ ಹೆಂಡತಿಗೆ ಹೇಳಿದರು: "ಸೋಂಕು ತಾಗ್ತು, ಹೊರಗಿನವ್ರನ್ನ ಒಳಗೆ ಬಿಡಡಿ ಹೇಳಿ ಡಾಕ್ಟರು ಹೇಳಿದ್ದ. ಅವಂಗೆ ಹೇಳು." ಆಮೇಲೆ ನನ್ನತ್ತ ತಿರುಗಿ, "ಇಸ್ಮಾಯಿಲ್ ಭಾಯ್, ಇನ್ನರ್ಧ ಲೋಟ ಕುಡೀರಿ" ಎಂದರು.

ಕಸಿಯಾದ ಮೇಲೆ ಹೆಗಡೆಯವರ ರಕ್ತದ ಗುಂಪೇ ಬದಲಾಗಿ ತಮ್ಮನದಾಗಿದೆಯಂತೆ. ಆ ರಕ್ತಕ್ಕೆ ಮನೆಯೊಳಗೆಲ್ಲ ಓಡಾಡಲು ಅಡ್ಡಿಯಿಲ್ಲ. ಕೊಟ್ಟವರು ಮಾತ್ರ ಗೇಟಿನಿಂದಲೇ ವಾಪಸಾದರು. ಯಲ್ಲಾಪುರದ ಇಸ್ಮಾಯಿಲ್, ನಾನು, ಒಳಗಿನವನಾಗಿ ಚಹಾ ಮುಗಿಸಿದೆ.