ಅವ್ವ ಗೋಡೆಗೆ ಹಾರೆ ಹಾಕಿದ ದಿನ

ನಾನು ಚಿಕ್ಕವಳಿದ್ದಾಗ, ಹಂಪಾಪುರದ ಹತ್ತಿರದ ನಮ್ಮ ಮನೆಯ ಹಿಂದೆ ಕೆಮ್ಮಣ್ಣಿನ ದಿಬ್ಬವಿತ್ತು. ಜೋರು ಮಳೆ ಬಂದರೆ ದಿಬ್ಬದ ಮಣ್ಣು ಜರಿದು ಕೊಟ್ಟಿಗೆಗೆ ನುಗ್ಗುತ್ತಿತ್ತು. ಆ ವರ್ಷ ನಮ್ಮ ಹಸು ಗಬ್ಬವಾಗಿತ್ತು. ಮುಂಗಾರಿಗೆ ಮೊದಲೇ ಮಣ್ಣು ತಡೆಯುವ ಗೋಡೆ ಕಟ್ಟಲೇಬೇಕೆಂದು ಅಪ್ಪ ಹಟ ಹಿಡಿದರು.

ಹಟದಲ್ಲಿ ಅವ್ವ ಅಪ್ಪನಿಗಿಂತ ಒಂದು ಕೈ ಮೇಲು. ಉಳುವಾಗ ಸಿಕ್ಕ ಕಲ್ಲುಗಳನ್ನು ನಾವು ಹೊಲದ ಬದುವಿನಲ್ಲಿ ಒಟ್ಟಿದ್ದೆವು. ಅದರಲ್ಲೇ ಕಟ್ಟಿ ಎಂದಳು. ಅಪ್ಪನಿಗೋ ಕಲ್ಲುಸಂದಿ ಎಂದರೆ ಹಾವಿನ ಭಯ. ಇಟ್ಟಿಗೆ ತರಿಸಿ, ಇರುವೆಯೂ ನುಸುಳದಂತೆ ಸಿಮೆಂಟ್ ಮೆತ್ತಿಸಿದರು. ತಣ್ಣಗಿನ ಆ ನುಣುಪು ಗೋಡೆಗೆ ಕೆನ್ನೆಯಾನಿಸಿ ನಿಂತದ್ದು ಇನ್ನೂ ನೆನಪಿದೆ. ಊರಿಗೆಲ್ಲ ನಮ್ಮ ಗೋಡೆಯೇ ಚೆಂದವೆಂದು ಬಡಾಯಿ ಕೊಚ್ಚಿಕೊಂಡು ತಿರುಗಿದೆ.

ಒಂದು ಮಧ್ಯಾಹ್ನ ಮಳೆ ಸುರಿಯಿತು. ನಿಂತ ಮೇಲೆ ನೋಡಿದರೆ, ಗೋಡೆ ಹೊಟ್ಟೆ ಬಿಟ್ಟು ಕೊಟ್ಟಿಗೆಯತ್ತ ಬಾಗಿತ್ತು! ದಿಬ್ಬ ಕುಡಿದ ನೀರು ಹೊರಬರಲು ದಾರಿಯೇ ಇರಲಿಲ್ಲ.

"ಅಸೀನ ಈಚೆಗೆ ಎಳ್ಕೊಂಡು ಬಾ ಮಗಾ!" ಎಂದು ಅವ್ವ ಕೂಗಿದಳು. ಓಡಿಹೋಗಿ ಹಗ್ಗ ಬಿಚ್ಚಿದೆ. ಹಸು ಕದಲಲಿಲ್ಲ. ಅಳುತ್ತಲೇ ಎಳೆದು ಎಳೆದು ಅಂಗಳಕ್ಕೆ ತಂದೆ. ಅಷ್ಟರಲ್ಲಿ ಅವ್ವ ಹಾರೆ ಎತ್ತಿ ಗೋಡೆಯ ಬುಡಕ್ಕೆ ಹಾಕುತ್ತಿದ್ದಳು.

"ಬ್ಯಾಡ ಕಣಮ್ಮಿ, ಮೈಮೇಲೆ ಬೀಳ್ತದೆ!" ಎಂದರು ಅಪ್ಪ.

"ನೀರ್ಗೆ ದಾರಿ ಬುಡ್ನಿಲ್ಲ ಅಂದ್ರೆ ಬೀಳೋದೇಯ. ಸರ್ಕೊಳ್ರೀ ಅತ್ಲಾಗೆ!"

ಒಂದು ತೂತು, ಇನ್ನೊಂದು ತೂತು. ಕೆಂಪು ನೀರು ಬುಸ್ಸೆಂದು ಅವಳ ಕಾಲಿಗೆ ನುಗ್ಗಿತು. ಅಪ್ಪ ಒಂದು ಗಳಿಗೆ ನೋಡಿ, ಅವಳ ಕೈಯಿಂದ ಹಾರೆ ಇಸಿದುಕೊಂಡು ತಾವೇ ಮುಂದಿನ ತೂತು ಹೊಡೆದರು.

ಗೋಡೆ ಅಂದು ಬೀಳಲಿಲ್ಲ. ಮರುದಿನ ಅಪ್ಪನೇ ಅದನ್ನು ಕೆಡವಿ, ಬದುವಿನ ಕಲ್ಲು ಹೊತ್ತು ತಂದು, ನೀರು ಸಂದಿಯಲ್ಲಿ ಇಳಿದುಹೋಗುವಂತೆ ಸಿಮೆಂಟಿಲ್ಲದೆ ಕಟ್ಟಿದರು. ದೊಡ್ಡ ಕಲ್ಲುಗಳ ನಡುವೆ ಚಕ್ಕೆಕಲ್ಲು ತುರುಕುವುದು ನನ್ನ ಕೆಲಸ. ಉಗುರೆಲ್ಲ ಕೆಂಪಾಯಿತು.

"ಕಲ್ಲುಸಂದೀಲಿ ಆವು ಬಂದ್ರೆ ಅಪ್ಪಾ?" ಎಂದೆ.

"ಬಂದ್ರೆ ಓಯ್ತದೆ ಬುಡು" ಎಂದರು, ಅವ್ವನ ಕಡೆ ನೋಡದೆ. ವಾರದೊಳಗೆ ಹಸು ಕರು ಹಾಕಿತು. ಆ ಗೋಡೆ ಎಷ್ಟೋ ಮಳೆಗಾಲ ಕಂಡಿತು.

ಮಕ್ಕಳೇ, ಈಗ ಹುಣಸೂರಿನ ನಿಮ್ಮ ಮನೆಗೆ ನಿಮ್ಮ ಅಪ್ಪ ಅಮ್ಮ ಫೋನಿನಲ್ಲಿ ಚಿತ್ರ ನೋಡಿ ಗೋಡೆ ಆರಿಸುತ್ತಾರೆ, ಲಾರಿಯಲ್ಲಿ ಸಿಮೆಂಟ್ ಬ್ಲಾಕ್ ಬಂದಿಳಿಯುತ್ತದೆ. ಮೊನ್ನೆ ಹಿತ್ತಲಿನ ಮಣ್ಣಿನ ದಿಬ್ಬಕ್ಕೆ ಗೋಡೆ ಕಟ್ಟುವಾಗ, ಬುಡದಲ್ಲಿ ನೀರು ಹೋಗಲು ಪೈಪು ಇಡಪ್ಪ ಎಂದೆ. "ಅಂದ ಕೆಡ್ತದೆ ಅಜ್ಜಿ" ಎಂದ ಗಾರೆಯವನು. ಕುರ್ಚಿ ತರಿಸಿ ಅವನೆದುರೇ ಕುಳಿತೆ. ಪೈಪು ಇಡುವ ತನಕ ಏಳಲಿಲ್ಲ. ಅಜ್ಜಿಗೆ ಹುಚ್ಚು ಎಂದು ನೀವು ನಕ್ಕಿರಿ. ನಗಿ, ಪರವಾಗಿಲ್ಲ. ಆ ಗೋಡೆಯ ಕೆಳಗೆ ದಿನವೂ ಆಡುವವರು ನೀವು. ನಾನು ಹೇಗೆ ಎದ್ದು ಹೋಗಲಿ?