ಮಾಡು ಹತ್ತಿದ ನರಿ

ಮಕ್ಕಳೇ, ನಿಮ್ಮ ಅಜ್ಜ ಹೊನ್ನಾವರದ ಪೇಟೆಯಲ್ಲಿ ರೇಡಿಯೋ, ಟೀವಿ ರಿಪೇರಿ ಅಂಗಡಿ ಇಟ್ಟಿದ್ದರು ಎಂಬುದು ನಿಮಗೆ ಗೊತ್ತು. ಆ ಅಂಗಡಿಯಲ್ಲಿ ಒಂದು ನರಿ ಇತ್ತು ಎಂಬುದು ನಿಮ್ಮಲ್ಲಿ ದೊಡ್ಡವಳಿಗೆ ಅರ್ಧ ಗೊತ್ತು, ಸಣ್ಣವನಿಗೆ ಅದೂ ಇಲ್ಲ. ಉಳಿದ ಅರ್ಧವನ್ನು ಹೇಳಬೇಕು ಅಂತ ಈ ಮಳೆಗಾಲವೆಲ್ಲ ಅಂದುಕೊಂಡೆ. ನಾಲ್ಕು ಜನರ ನಡುವೆ ನನಗೆ ಮಾತು ಹೊರಡುವುದಿಲ್ಲ, ಅದು ನಿಮಗೂ ಗೊತ್ತು. ಬರೆಯುವುದಾದರೆ ಊರ ಶಾಲೆಯಲ್ಲಿ ಕಲಿತಷ್ಟು ಬರುತ್ತದೆ. ಹಾಗಾಗಿ ಬರೆಯುತ್ತಿದ್ದೇನೆ.

ಆಗ ಭಟ್ಕಳದಲ್ಲಿ ಬಹಳ ಮನೆಗಳಿಗೆ ವಿಸಿಆರ್ ಬಂದಿತ್ತು. ಗಂಡಸರು ದುಬೈಯಿಂದ, ಮಸ್ಕತ್ತಿನಿಂದ ತರುತ್ತಿದ್ದರು. ಕಡಲ ಗಾಳಿಗೆ ಅದು ಕೆಡುತ್ತಿತ್ತು. ರಿಪೇರಿಗೆ ನಿಮ್ಮ ಅಜ್ಜ ಬಸ್ಸು ಹತ್ತಿ ಹೋಗುತ್ತಿದ್ದರು. ಅಲ್ಲಿ ಒಂದು ಮನೆಯ ಅಮ್ಮನಿಗೆ ಇವರ ಕೆಲಸದ ಮೇಲೆ ಭರವಸೆ. ಅವರು ಆಡುವುದು ನವಾಯತಿ, ಇವರು ಆಡುವುದು ಕನ್ನಡ, ನಡುವೆ ಒಂದಿಷ್ಟು ಕೊಂಕಣಿ ಸೇರಿಸಿ ಇಬ್ಬರೂ ಕೆಲಸ ಮುಗಿಸಿಕೊಳ್ಳುತ್ತಿದ್ದರು. ಒಂದು ಸಲ ಆ ಅಮ್ಮ ಬೂಷ್ಟು ಹಿಡಿದ ಒಂದು ಕ್ಯಾಸೆಟ್ ಕೊಟ್ಟು, ನಮ್ಮ ಮಕ್ಕಳು ದೊಡ್ಡವರಾದರು, ಇದನ್ನು ನೋಡುವವರಿಲ್ಲ, ನಿಮಗೆ ಬೇಕಾದರೆ ಒಯ್ಯಿರಿ ಅಂದರಂತೆ.

ಮಳೆಗಾಲದಲ್ಲಿ ಟೇಪಿನ ಮೇಲೆ ಬೆಳ್ಳಗೆ ಹೂವು ಬಂದ ಹಾಗೆ ಬೂಷ್ಟು ಬರುತ್ತದೆ. ಇವರು ಟೇಪನ್ನು ಉದ್ದಕ್ಕೆ ಬಿಚ್ಚಿ, ಹತ್ತಿಗೆ ಸ್ಪಿರಿಟ್ ಮುಟ್ಟಿಸಿ, ಇಷ್ಟಿಷ್ಟೇ ಒರೆಸುತ್ತಾ ಹೋದರು. ಅಂಗಡಿಯ ಹಿಂದೆಯೇ ನಮ್ಮ ಬಿಡಾರ, ನಡುವೆ ಒಂದು ಪರದೆ. ಒಂದು ತುದಿ ಹಿಡಿದುಕೊಳ್ಳಲು ನನ್ನನ್ನು ಕರೆದಿದ್ದರು. ಅದರಲ್ಲಿ ಎಂತ ಇದೆ ಅಂತ ಇಬ್ಬರಿಗೂ ಗೊತ್ತಿರಲಿಲ್ಲ.

ಹಾಕಿ ನೋಡಿದರೆ ಕಾರ್ಟೂನು. ಬಹಳ ಹಳೆಯದು, ಸಣ್ಣ ಸಣ್ಣದು, ಎಲ್ಲದರಲ್ಲೂ ಅದೇ ನರಿ, ಅದೇ ಹುಂಜ. ನರಿ ಕೋಳಿಗೂಡಿಗೆ ಕನ್ನ ಹಾಕಲು ಬರುತ್ತದೆ, ಮುದಿ ಹುಂಜ ಬಡಿಗೆ ಹಿಡಿದು ಅಟ್ಟುತ್ತದೆ. ಮಾತೇ ಇಲ್ಲ. ಬರೇ ಪೀಪಿ, ಡೋಲು, ಪಿಟೀಲು.

ಮಾತಿಲ್ಲದ್ದನ್ನು ನೋಡಿ ನಿಮ್ಮ ಅಜ್ಜನಿಗೆ ಸುಮ್ಮನಿರಲು ಆಗಲಿಲ್ಲ. ಪ್ರಾಯದಲ್ಲಿ ಅವರು ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದರು. ವೇಷವಿಲ್ಲದೆ ಕುಳಿತು, ಭಾಗವತರ ಪದ ಮುಗಿದ ಕೂಡಲೇ ಪಾತ್ರದ ಮಾತನ್ನು ಆಗಲೇ ಕಟ್ಟಿ ಆಡುವುದು. ಅಂಗಡಿ ಹಾಕಿದ ಮೇಲೆ ಅದು ಬಿಟ್ಟುಹೋಗಿತ್ತು. ರಿಪೇರಿಯಾದ ವಿಸಿಆರ್ ಸರಿಯಾಗಿದೆಯೋ ಅಂತ ನೋಡಲು ಪ್ರತಿ ಸಲ ಈ ಕ್ಯಾಸೆಟ್ಟನ್ನೇ ಹಾಕುತ್ತಿದ್ದರು. ಹಾಕಿದ ಮೇಲೆ ಸ್ಕ್ರೂಡ್ರೈವರ್ ಕೈಯಲ್ಲಿ ಹಿಡಿದುಕೊಂಡೇ ನರಿಗೂ ಹುಂಜಕ್ಕೂ ಅರ್ಥ ಹೇಳುತ್ತಿದ್ದರು. ನರಿಗೆ ರಾಜರ ಮಾತು. ಹುಂಜಕ್ಕೆ ಕುಮಟೆಯ ಸಂತೆಯ ಮಾತು.

"ಎಲೈ ಕುಕ್ಕುಟ ಕುಲತಿಲಕನೇ, ಬಾಗಿಲು ತೆರೆ. ಅತಿಥಿಯನ್ನು ಹೊರಗೆ ನಿಲ್ಲಿಸುವುದು ಯಾವ ಧರ್ಮ?" ಅಂತ ನರಿ.

"ಬಾಗಿಲಿಗೆ ಚಿಲಕ ಇಲ್ಲ ಭಾವಯ್ಯ, ಬಡಿಗೆ ಇದ್ದು. ಆಗೂದಾ?" ಅಂತ ಹುಂಜ.

ಬಾಗಿಲಲ್ಲಿ ಜನ ಕೂಡುತ್ತಿತ್ತು. ಬಸ್ಸಿಗೆ ಕಾಯುವವರು, ಟೆಂಪೋ ಡ್ರೈವರುಗಳು, ಶಾಲೆ ಬಿಟ್ಟು ಬಂದ ಮಕ್ಕಳು. ನರಿಯ ಕಡೆಯವರು, ಹುಂಜದ ಕಡೆಯವರು ಅಂತ ಎರಡು ಪಂಗಡವೇ ಆಗಿತ್ತು. ಒಬ್ಬರು ಮಾಸ್ತರು ದಿನಾ ನಿಂತು ಕೇಳಿ, ನರಿ ಇಂದು ಹೇಳಿದ ಧರ್ಮಕ್ಕೆ ಆಧಾರ ಸಾಲದು ಅಂತ ತಕರಾರು ತೆಗೆಯುತ್ತಿದ್ದರು. ಮೀನು ಮಾರುವ ಹೆಂಗಸೊಬ್ಬಳು ಬುಟ್ಟಿ ಇಳಿಸಿ ನಿಂತವಳು, ದಿನಾ ಪೆಟ್ಟು ತಿನ್ನುವ ನರಿಯನ್ನು ನೋಡಲಾರದೆ ಒಂದು ದಿನ ಕೇಳಿಯೇ ಬಿಟ್ಟಳು.

"ಇವತ್ತೊಂದು ದಿನ ನರಿನ್ನ ಗೆಲ್ಸಿ ನೋಡ್ವ."

"ಗೆಲ್ಸೂದು ನನ್ನ ಕೈಲಿಲ್ಲ ಮಾರಾಯ್ತಿ, ಟೇಪಲ್ಲಿ ಇದ್ದಾಂಗೆ ಆಗೂದು. ಬೇಕಾದ್ರೆ ಮಾತು ಚಲೋದು ಆಡಿಸ್ತೆ."

ಈ ಎಲ್ಲವನ್ನೂ ನಾನು ಪರದೆಯ ಹಿಂದೆ ನಿಂತು ನೋಡಿದವಳು. ಮುಂದೆ ಬಂದು ಕುಳಿತದ್ದಿಲ್ಲ. ಅಕ್ಕಿ ಆರಿಸುತ್ತಾ, ತೆಂಗಿನಕಾಯಿ ತುರಿಯುತ್ತಾ ಕೇಳುತ್ತಿದ್ದೆ. ನಗು ಬಂದರೆ ಸೆರಗು ಬಾಯಿಗೆ. ನಾನು ನಕ್ಕದ್ದು ಅವರಿಗೆ ಹೇಗೋ ತಿಳಿಯುತ್ತಿತ್ತು. ಊಟಕ್ಕೆ ಕುಳಿತಾಗ, ಇಂದು ಹುಂಜದ ಮಾತು ಒಳಗಿನವರಿಗೆ ಹಿಡಿಸಿತು ಕಾಣುತ್ತದೆ ಅನ್ನುತ್ತಿದ್ದರು.

ಒಂದು ಕಾರ್ಟೂನಿನ ನಡುವೆ ಚಿತ್ರ ಹಾರುತ್ತಿತ್ತು. ನರಿ ಏಣಿ ಇಟ್ಟು ಕೋಳಿಗೂಡಿನ ಮಾಡು ಹತ್ತುತ್ತದೆ. ಹಂಚಿನ ಮೇಲೆ ನಿಂತು ಅತ್ತಿತ್ತ ನೋಡುತ್ತದೆ. ಆಮೇಲೆ ಒಂದು ಬಿಳಿ ಗೆರೆ. ಗೆರೆ ಹೋದ ಮೇಲೆ ನೋಡಿದರೆ ನರಿ ಬಾವಿಯೊಳಗೆ. ಮಾಡಿನಿಂದ ಬಾವಿಗೆ ಹೇಗೆ ಹೋಯಿತು ಅಂತ ಇಲ್ಲವೇ ಇಲ್ಲ. ಕೇಳಿದವರಿಗೆಲ್ಲ ಇವರು, ಅಷ್ಟನ್ನು ಬೂಷ್ಟು ತಿಂದಿತು ಅನ್ನುತ್ತಿದ್ದರು. ಆ ಜಾಗ ಬರುವಾಗ ಗುಂಡಿ ಒತ್ತಿ ನರಿಯನ್ನು ಮಾಡಿನ ಮೇಲೆಯೇ ನಿಲ್ಲಿಸಿಬಿಡುತ್ತಿದ್ದರು. ಚಿತ್ರ ನಿಂತಲ್ಲೇ ನಡುಗುತ್ತಿತ್ತು. ಆಗ ನರಿಯ ದೊಡ್ಡ ಅರ್ಥ. ಬೇರೆ ಮಾತೆಲ್ಲ ದಿನಕ್ಕೊಂದು ತರ ಆಗುತ್ತಿತ್ತು, ಇದೊಂದು ಮಾತ್ರ ಬದಲಾಗುತ್ತಿರಲಿಲ್ಲ. 

ವಿಸಿಆರ್ ಹೋಯಿತು, ಸಿಡಿ ಬಂತು, ಅದೂ ಹೋಯಿತು. ಅಂಗಡಿಗೆ ಬರುವವರು ಕಡಿಮೆಯಾದರು. ಕೊನೆಕೊನೆಗೆ ಕ್ಯಾಸೆಟ್ ಹಾಕಲು ಸರಿಯಿರುವ ವಿಸಿಆರ್ ಒಂದೂ ಇರಲಿಲ್ಲ. ಆಮೇಲೆ ಅವರೂ ಹೋದರು. ಈಗ ಆ ಅಂಗಡಿಯಲ್ಲಿ ಮೊಬೈಲಿಗೆ ಗಾಜು ಅಂಟಿಸುತ್ತಾರೆ. ನಾನು ಕ್ಯಾಸೆಟ್ಟನ್ನೂ ಅವರು ಕಡೆಗೆ ಸರಿ ಮಾಡಿಟ್ಟಿದ್ದ ಒಂದು ಡಿಸ್ಕ್ ಪ್ಲೇಯರನ್ನೂ ಸೀರೆಯ ನಡುವೆ ಕಟ್ಟಿಕೊಂಡು ಕುಮಟೆಗೆ ನಿಮ್ಮ ಮನೆಗೆ ಬಂದೆ.

ಇಲ್ಲಿ ನನಗೆ ಯಾವುದಕ್ಕೂ ಕಡಿಮೆಯಿಲ್ಲ. ನನ್ನ ಸೊಸೆ, ನಿಮ್ಮ ಆಯಿ, ನಾನು ಕೇಳುವ ಮೊದಲೇ ಬಿಸಿನೀರು ಇಡುತ್ತಾಳೆ. ಆದರೆ ಈ ಮನೆಯಲ್ಲಿ ನಗು ಬೇರೆ ಬೇರೆ ಕೋಣೆಯಿಂದ ಕೇಳಿಸುತ್ತದೆ. ಕಿವಿಗೆ ಮೊಬೈಲಿನ ಬಳ್ಳಿ ಸಿಕ್ಕಿಸಿಕೊಂಡು ಸಣ್ಣವನು ಒಬ್ಬನೇ ನಗುತ್ತಾನೆ. ಎಂತಕ್ಕೆ ನಗ್ತೆ ಅಂತ ಕೇಳಿದರೆ, ನಿಂಗೆ ತಿಳಿಯೂದಿಲ್ಲ ಅಜ್ಜಿ ಅನ್ನುತ್ತಾನೆ. ಅದು ನಿಜವೇ. ಸುಮ್ಮನೆ ಅವನ ಮುಖ ನೋಡುತ್ತೇನೆ.

ದೊಡ್ಡವಳೇ, ನೀನು ನನ್ನ ಪೆಟ್ಟಿಗೆಯಲ್ಲಿ ಆ ಕ್ಯಾಸೆಟ್ ನೋಡಿ ಎಂತದು ಅಂತ ಕೇಳಿದೆ. ನಾನು ನರಿ, ಹುಂಜ, ಏಣಿ, ಬಾವಿ ಅಂತ ತಡವರಿಸಿ ಹೇಳಿದೆ. ನೀನು ಮೊಬೈಲಿನಲ್ಲಿ ಹುಡುಕಿ, ಇದು ಈಗ ಹೊಸದಾಗಿ ಡಿಸ್ಕಿನಲ್ಲಿ ಬಂದಿದೆ, ಹಳೆಯ ರೀಲನ್ನೇ ತೊಳೆದು ಚೊಕ್ಕ ಮಾಡಿದ್ದಾರೆ ಅಂದೆ. ಬೇಡ ಅಂದರೂ ತರಿಸಿದೆ. ಅದು ಬರುವವರೆಗೆ ಗೇಟಿನ ಸದ್ದಾದಾಗಲೆಲ್ಲ ನಾನು ಹೊರಗೆ ಇಣುಕಿದ್ದನ್ನು ನೀವು ಯಾರೂ ನೋಡಲಿಲ್ಲ ಅಂದುಕೊಂಡಿದ್ದೇನೆ.

ಭಾನುವಾರ ಎಲ್ಲರೂ ಕುಳಿತೆವು. ನಿಮ್ಮಪ್ಪನೂ ಕುಳಿತ. ನಾನೂ ಅಂದು ಮುಂದೆಯೇ ಕುಳಿತೆ, ಟೀವಿಯ ಎದುರಿಗೆ, ಕುರ್ಚಿಯಲ್ಲಿ. ಚಿತ್ರ ಬಂತು. ಅಂಥ ಬಣ್ಣವನ್ನು ನಾನು ನೋಡಿರಲಿಲ್ಲ. ನಮ್ಮ ನರಿ ಕಂದು ಬಣ್ಣದ್ದು, ಇದು ದಾಸವಾಳದ ಹಾಗೆ ಕೆಂಪು. ಹುಂಜದ ಒಂದೊಂದು ಗರಿಯೂ ಕಾಣುತ್ತಿತ್ತು. ನರಿ ಬಾಗಿಲು ಬಡಿಯಿತು. ನಾನು ಕಾದೆ. ಹುಂಜ ಬಡಿಗೆ ಎತ್ತಿತು. ಮತ್ತೂ ಕಾದೆ.

"ಮಾತು ಬರ್ತಾ ಇಲ್ಲ ಅಲ" ಅಂದೆ.

ಸಣ್ಣವನು ರಿಮೋಟ್ ಒತ್ತಿ ಸ್ವರ ಹೆಚ್ಚು ಮಾಡಿದ. ಪಿಟೀಲು ಜೋರಾಯಿತು. "ಬರ್ತಾ ಇದ್ದು ಅಜ್ಜಿ, ಇದ್ರಲ್ಲಿ ಮಾತೇ ಇಲ್ಲ" ಅಂದ.

ಮಾತಿಲ್ಲ ಅಂತ ನನಗೆ ಗೊತ್ತಿರಲಿಲ್ಲವೇ? ಬೂಷ್ಟು ಒರೆಸಿದ ದಿನದಿಂದ ಗೊತ್ತಿತ್ತು. ಆದರೂ ಡಿಸ್ಕ್ ಕೆಟ್ಟಿದೆ, ಬದಲಿಸಿ ಕೊಡುತ್ತಾರೆ ಅಂತ ಒಂದು ಕ್ಷಣ ನಂಬಿಯೇ ಬಿಟ್ಟಿದ್ದೆ. ನಿಮ್ಮಪ್ಪ ನನ್ನ ಕಡೆ ನೋಡಿದ. "ಅಪ್ಪ ಎಂತೋ ಹೇಳ್ತಿದ್ದ ಅಲ ಆಯಿ? ಮಾಡಿನ ಮೇಲೆ ನಿಂತಾಗ. ಎಲ್ಲರೂ ನಗ್ತಿದ್ರು. ಎಂತ ಹೇಳಿ ನೆನಪಿಲ್ಲ." ಬಾಗಿಲಲ್ಲಿ ಜನ ಕೂಡುತ್ತಿದ್ದ ಕಾಲಕ್ಕೆ ಅವನಿಗೆ ನಾಲ್ಕೋ ಐದೋ ವರ್ಷ. ಅವನೇ ಮರೆತ ಮೇಲೆ ಆ ಮಾತು ಇರುವುದು ನನ್ನೊಬ್ಬಳಲ್ಲಿ ಅಂತ ನನಗೆ ಗೊತ್ತಾದದ್ದು ಆ ಕುರ್ಚಿಯಲ್ಲಿ. 

ನರಿ ಏಣಿ ಹತ್ತಿತು. ಹಂಚಿನ ಮೇಲೆ ನಿಂತಿತು. ಬಿಳಿ ಗೆರೆ ಬರಲಿಲ್ಲ. ನರಿ ಒಂದು ಹೆಜ್ಜೆ ಇಟ್ಟಿತು, ಪಾಚಿಗೆ ಕಾಲು ಜಾರಿತು, ಉರುಳಿ ಬಾವಿಗೆ ಬಿದ್ದಿತು. ಅಷ್ಟೇ. ನಿಮ್ಮ ಅಜ್ಜ ಚಿತ್ರ ನಿಲ್ಲಿಸಿ ನಿಂತುಕೊಳ್ಳುತ್ತಿದ್ದ ಜಾಗದಲ್ಲಿ ಒಂದು ಪಾಚಿ ಹಿಡಿದ ಹಂಚು ಇತ್ತು. ಸಣ್ಣವನು ನಕ್ಕ. ನಿಮ್ಮ ಆಯಿಯೂ ನಕ್ಕಳು.

ಆಮೇಲೆ ನೀನು ಮೊಬೈಲ್ ಹಿಡಿದು, ಈ ಡಿಸ್ಕ್ ಕೊಂಡವರು ಬರೆದದ್ದನ್ನು ನನಗೆ ಕನ್ನಡದಲ್ಲಿ ಓದಿ ಹೇಳಿದೆ. ಎಲ್ಲೆಲ್ಲಿಯ ದೇಶದವರೋ. ನರಿಯ ಬಣ್ಣ ಇಷ್ಟು ಕೆಂಪು ಇರಲಿಲ್ಲ ಅಂತ ಒಬ್ಬನ ಸಿಟ್ಟು. ಇದೇ ಮೂಲ ಬಣ್ಣ, ನಿಮ್ಮ ಕ್ಯಾಸೆಟ್ಟೇ ಮಾಸಿತ್ತು ಅಂತ ಇನ್ನೊಬ್ಬನ ಉತ್ತರ. ಪಿಟೀಲಿನ ಹಿಂದೆ ಒಂದು ಸಿರ್ ಅನ್ನುವ ಸದ್ದಿತ್ತು, ಅದನ್ನೂ ತೊಳೆದಿದ್ದಾರೆ, ನನಗೆ ಅದೇ ಬೇಕಾಗಿತ್ತು ಅಂತ ಒಬ್ಬಳು. ನಮ್ಮ ಅಂಗಡಿ ಬಾಗಿಲಲ್ಲಿ ನಿಂತವರೇ ಅಲ್ಲಿಯೂ ನಿಂತಿದ್ದಾರೆ, ಮಾಸ್ತರೂ ಇದ್ದಾರೆ ಅನಿಸಿತು.

ನರಿ ಬಾವಿಗೆ ಬೀಳುವ ತುಂಡು ಆಗಿನ ಯಾವ ಕ್ಯಾಸೆಟ್ಟಿನಲ್ಲೂ ಇರಲಿಲ್ಲವಂತೆ. ಚಿತ್ರ ಮಾಡುವಾಗಲೇ ಕತ್ತರಿಸಿದ್ದರಂತೆ. ಈಗ ಸಿಕ್ಕಿತು, ಪೂರ್ತಿಯಾಯಿತು ಅಂತ ಎಲ್ಲರಿಗೂ ಸಂತೋಷ. ಒಬ್ಬ ಮಾತ್ರ, ನಾನು ಸಣ್ಣವನಿದ್ದಾಗ ಟಾಕೀಸಿನಲ್ಲಿ ನೋಡಿ ನರಿ ಹೇಗೆ ಬಿತ್ತು ಅಂತ ಅಕ್ಕನನ್ನು ಕೇಳಿದ್ದೆ, ಗಾಳಿ ಹಾರಿಸಿತು ಅಂದಿದ್ದಳು, ಈಗ ಅಕ್ಕ ಇಲ್ಲ, ಗಾಳಿಯೂ ಇಲ್ಲ, ಬರೇ ಪಾಚಿ ಅಂತ ಬರೆದಿದ್ದ. ಅದನ್ನು ಇನ್ನೊಂದು ಸಲ ಓದು ಅಂದೆ. ನೀನು ಓದಿದೆ. ಅವನ ಊರು ಯಾವುದೋ, ಅವನಿಗೆ ನನ್ನಷ್ಟೇ ಪ್ರಾಯ ಇರಬಹುದು.

ಹಾಗಾದರೆ ಅದು ಬೂಷ್ಟು ತಿಂದದ್ದಲ್ಲ. ಟೇಪನ್ನು ಗೇಣುಗೇಣು ಒರೆಸಿದವರು ನಿಮ್ಮ ಅಜ್ಜ. ಅಲ್ಲಿ ಕೆಟ್ಟದ್ದು ಎಂತದೂ ಇರಲಿಲ್ಲ ಅಂತ ಅವರಿಗೆ ತಿಳಿದೇ ಇರಬೇಕು. ಇದನ್ನು ಕೇಳೋಣ ಅಂದರೆ ಅವರಿಲ್ಲ.

"ನಾವೂ ಬರೆಯುವನ ಅಜ್ಜಿ? ಅಜ್ಜ ಅಲ್ಲಿ ಎಂತ ಹೇಳ್ತಿದ್ದ?" ಅಂತ ನೀನು ಕೇಳಿದೆ.

ಇಡೀ ಮಾತು ಗಂಟಲವರೆಗೆ ಬಂತು. ನಾಲ್ಕು ಮುಖ ನನ್ನ ಕಡೆ ತಿರುಗಿದ್ದವು. "ಆಮೇಲೆ ಹೇಳ್ತೆ" ಅಂದೆ. ಅಷ್ಟರಲ್ಲಿ ನಿನ್ನ ಗೆಳತಿಯ ಫೋನು ಬಂತು. ಆಮೇಲೆ ನಿನಗೆ ಪರೀಕ್ಷೆ. ನೀನು ಮತ್ತೆ ಕೇಳಲಿಲ್ಲ, ನಾನಾಗಿ ಹೇಳಲಿಲ್ಲ.

ಮೊನ್ನೆ ನೀವೆಲ್ಲ ಹೊರಗೆ ಹೋಗಿದ್ದೀರಿ ಅಂದುಕೊಂಡು ನಾನೇ ಡಿಸ್ಕ್ ಹಾಕಿದೆ. ನರಿ ಹಂಚಿನ ಮೇಲೆ ನಿಂತ ಕೂಡಲೇ ರಿಮೋಟ್ ಒತ್ತಿದೆ. ಈಗಿನ ಚಿತ್ರ ನಿಲ್ಲಿಸಿದರೆ ನಡುಗುವುದಿಲ್ಲ. ಕಲ್ಲಿನ ಹಾಗೆ ನಿಲ್ಲುತ್ತದೆ. ಬಾಗಿಲು ಹಾಕಿದೆಯೋ ನೋಡಿ, ನಿಂತುಕೊಂಡು, ಅರ್ಥ ಹೇಳಲು ಸುರು ಮಾಡಿದೆ. ನನ್ನ ಸ್ವರ ನರಿಗೆ ಹೊಂದಲೇ ಇಲ್ಲ. ಆದರೂ ಅರ್ಧದವರೆಗೆ ಬಂದಿದ್ದೆ. ಅಡುಗೆಮನೆಯಲ್ಲಿ ಮಿಕ್ಸಿ ನಿಂತಿತು. ಅದು ತಿರುಗುತ್ತಿತ್ತು ಅಂತ ನನಗೆ ತಿಳಿದದ್ದೇ ಆಗ. ನಿಮ್ಮ ಆಯಿ ಮನೆಯಲ್ಲೇ ಇದ್ದಳು.

"ಎಂತ ಅತ್ತೆ, ಕರೆದ್ರಾ?"

"ಎಂತದೂ ಇಲ್ಲ" ಅಂದು ಟೀವಿ ಆರಿಸಿದೆ. ಸ್ವಲ್ಪ ಹೊತ್ತಿನ ಮೇಲೆ ಮಿಕ್ಸಿ ಮತ್ತೆ ಸುರುವಾಯಿತು.

ಇನ್ನು ನನ್ನ ಬಾಯಿಂದ ಅದು ಬರುವುದಿಲ್ಲ ಅಂತ ಅಂದೇ ಗೊತ್ತಾಯಿತು. ಅದಕ್ಕೆ ಇಲ್ಲಿ ಬರೆಯುತ್ತೇನೆ. ನೀವು ಇಬ್ಬರೂ ಒಟ್ಟಿಗೆ ಕುಳಿತಿರುವಾಗ ಡಿಸ್ಕ್ ಹಾಕಿ. ನರಿ ಏಣಿ ಹತ್ತಿ, ಹಂಚಿನ ಮೇಲೆ ನಿಂತು ಅತ್ತಿತ್ತ ನೋಡುತ್ತದಲ್ಲ, ಪಾಚಿಗೆ ಕಾಲಿಡುವ ಮೊದಲು ನಿಲ್ಲಿಸಿ. ನರಿಯದು ದೊಡ್ಡವಳು ಓದಲಿ, ಹುಂಜದ್ದು ಸಣ್ಣವನು. ಮೊದಲು ರಾಜರ ಮಾತು, ಆಮೇಲೆ ನರಿಯೇ ಅದನ್ನು ಬಿಟ್ಟು ನಮ್ಮ ಹಾಗೆ ಮಾತಾಡುತ್ತದೆ. ಅಲ್ಲಿ ಸ್ವರ ತಗ್ಗಿಸಬೇಕು.

"ಎಲೈ ಕುಕ್ಕುಟನೇ, ಈ ಮಾಡಿನಿಂದ ನನಗೆ ಸಕಲವೂ ಗೋಚರಿಸುತ್ತಿದೆ. ಅಗೋ ಹೊಳೆ, ಅಗೋ ಕಡಲು, ಮನೆಮನೆಯ ದೀಪ. ಒಂದು ಮನೆಯಿಂದಲಾದರೂ ನನ್ನನ್ನು ಕರೆದವರಿಲ್ಲ. ನಿಜ ಹೇಳ್ತೆ ಹುಂಜಪ್ಪಾ, ನಂಗೆ ಕೋಳಿ ಬ್ಯಾಡ. ಈ ಊರಲ್ಲಿ ನಾ ಬಂದದ್ದು ತಿಳಿಯೂದು ನಿಂಗೊಬ್ಬಂಗೆ. ನೀ ಬಡಿಗೆ ಹಿಡಿದು ಬರದಿದ್ದ ದಿನ ನಾ ಎಲ್ಲಿ ಹೋಗೂದು?"

"ಅದ್ನ ಮೊದ್ಲೇ ಹೇಳೂಕಾಗ್ತಿತ್ತಿಲ್ವ ಭಾವಯ್ಯ? ಇಳಿದು ಬಾ. ಚಾ ಕುಡಿದು ಹೋಗು. ಬಡಿಗೆ ಆಮೇಲೆ ನೋಡ್ವ."

ಇಷ್ಟಾದ ಮೇಲೆ ಗುಂಡಿ ಒತ್ತಿ. ಚಾ ಕುಡಿಯಲು ಹೊರಟವನು ಬಾವಿಗೆ ಬೀಳುತ್ತಾನೆ. ಜನ ನಗುತ್ತಿದ್ದದ್ದು ಅಲ್ಲಿ. ನಾನು ಒಳಗಿನ ಕೋಣೆಯಲ್ಲಿ ಇರುತ್ತೇನೆ, ಬಾಗಿಲು ಪೂರ್ತಿ ಹಾಕಬೇಡಿ.